ಥಾಯ್ ಭಾಷೆಯ ‘ಕ್ವಾ’: ತರತಮದ ಒಂದು ಚರಿತ್ರೆ

ನಮ್ಮ ಮನೆಯ ಹುಡುಗಿ ಆರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ಮಳೆಗಾಲದ ಒಂದು ಸಂಜೆ ಇಂಗ್ಲಿಷ್ ವ್ಯಾಕರಣದ ಹೋಂವರ್ಕ್ ಮಾಡುತ್ತ ಕುಳಿತಿದ್ದವಳು ‘ಫಾಸ್ಟ್, ಫಾಸ್ಟರ್, ಫಾಸ್ಟೆಸ್ಟ್’ ಎಂದು ಮೂರು ಅಂಕಣಗಳನ್ನು ತುಂಬಿ, ತಲೆಯೆತ್ತಿ, “ಅಪ್ಪಾ, ಕನ್ನಡದಲ್ಲಿ ಇದಕ್ಕೆ ಏನಂತಾರೆ?” ಎಂದು ಕೇಳಿದಳು. “ಬೇಗ, ಇನ್ನೂ ಬೇಗ, ಎಲ್ಲರಿಗಿಂತ ಬೇಗ” ಎಂದೆವು. ಅವಳು ಬೆರಳು ಮಡಿಸಿ ಎಣಿಸಿದಳು. “ಮೊದಲನೆಯದು ಒಂದು ಪದ. ಆಮೇಲಿನವು ಎರಡೆರಡು ಪದ. ಹಾಗಾದರೆ ಕನ್ನಡದಲ್ಲಿ ಅದು ಇಲ್ಲ ಅಂತಾಯ್ತು” ಎಂದು ತೀರ್ಪು ಕೊಟ್ಟು ಪುಸ್ತಕದತ್ತ ತಿರುಗಿಕೊಂಡಳು.

ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಇಷ್ಟು ವರ್ಷ ಕೇಂದ್ರ ಸರ್ಕಾರದ ಕಡತಗಳಲ್ಲಿ ಆ ಭಾಷೆಯನ್ನೇ ಬರೆಯುತ್ತ ಬಂದ ನಮಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ತವರಿನಲ್ಲಿ ಬೆಳೆಯುವ ಮಗುವಾಗಿದ್ದರೆ ಅದನ್ನು ನಕ್ಕು ಮರೆಯಬಹುದಿತ್ತು. ಆದರೆ ದೆಹಲಿಯಲ್ಲಿ ಹುಟ್ಟಿ ಬೆಳೆದ ಈ ಹುಡುಗಿಗೆ ಶಾಲೆಯಲ್ಲಿ ಕನ್ನಡದ ಪಠ್ಯವಿಲ್ಲ, ಆಟದಲ್ಲಿ ಕನ್ನಡದ ಗೆಳತಿಯರಿಲ್ಲ. ಅವಳ ಪಾಲಿನ ಕನ್ನಡವೆಂದರೆ ಮನೆಯ ನಾಲ್ಕು ಗೋಡೆಗಳ ಒಳಗಿನದು. ಆ ಕನ್ನಡದಲ್ಲಿ ಒಂದೊಂದನ್ನೇ ‘ಇಲ್ಲ’ ಎಂದು ಬರೆದಿಡುತ್ತ ಹೋದರೆ ಕೊನೆಗೆ ಉಳಿಯುವುದೇನು ಎಂಬ ಆತಂಕ ಈ ಬರಹದ ಓದುಗರಲ್ಲಿ ಅನೇಕರಿಗೆ ಪರಿಚಿತವಾದುದೇ ಇರಬೇಕು.

ನಮಗೆ ಉತ್ತರ ದೊರೆತದ್ದು ನಿರೀಕ್ಷಿಸದ ಒಂದು ಕಡೆಯಿಂದ. ಕೆಲವು ವರ್ಷಗಳ ಹಿಂದೆ ತರಬೇತಿಯ ನಿಮಿತ್ತ ಬ್ಯಾಂಕಾಕಿಗೆ ಹೋಗಿದ್ದಾಗ ಥಾಯ್ ಭಾಷೆ ಕಲಿಸುವ ಒಂದು ಚಿಕ್ಕ ಪುಸ್ತಕವನ್ನು ಕೊಂಡಿದ್ದೆವು. ಅಂದಿನಿಂದ ಆ ಭಾಷೆಯ ಚರಿತ್ರೆ ನಮ್ಮ ರಜಾದಿನಗಳ ಹವ್ಯಾಸವಾಗಿತ್ತು. ‘ಹೆಚ್ಚು ಬೇಗ’, ‘ಎಲ್ಲಕ್ಕಿಂತ ಬೇಗ’ ಎನ್ನುವುದಕ್ಕೆ ಒಂದೇ ಪದವಿರಬೇಕು, ಇಲ್ಲದಿದ್ದರೆ ಭಾಷೆಗೆ ಕೊರತೆ ಎಂಬ ಅಳತೆಗೋಲನ್ನು ಹೊತ್ತುಕೊಂಡು ಥಾಯ್ ಭಾಷೆಯ ಬಳಿಗೂ ಹಲವರು ಬಂದಿದ್ದರು. ಆ ಭಾಷೆ ಅದಕ್ಕೆ ಹೇಗೆ ಉತ್ತರಿಸಿತೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ವಿಷಯದ ತಿರುಳು. ಥಾಯ್ ಭಾಷೆಯಲ್ಲಿ ‘ಖಾವ್’ ಎಂದರೆ ಅವನು ಅಥವಾ ಅವಳು, ‘ಛನ್’ ಎಂದರೆ ನಾನು, ‘ವಿಂಗ್’ ಎಂದರೆ ಓಡು, ‘ರೆವ್’ ಎಂದರೆ ಬೇಗ. ‘ಖಾವ್ ವಿಂಗ್ ರೆವ್’ ಎಂದರೆ ಅವನು ಬೇಗ ಓಡುತ್ತಾನೆ. ‘ಖಾವ್ ವಿಂಗ್ ರೆವ್ ಕ್ವಾ ಛನ್’ ಎಂದರೆ ಅವನು ನನಗಿಂತ ಬೇಗ ಓಡುತ್ತಾನೆ. ‘ಖಾವ್ ವಿಂಗ್ ರೆವ್ ಥೀ ಸುತ್’ ಎಂದರೆ ಅವನು ಎಲ್ಲರಿಗಿಂತ ಬೇಗ ಓಡುತ್ತಾನೆ. ಮೂರು ವಾಕ್ಯಗಳಲ್ಲಿಯೂ ‘ರೆವ್’ ಎಂಬ ಪದ ಕೂದಲೆಳೆಯಷ್ಟೂ ಬದಲಾಗಿಲ್ಲ. ಅದರ ಪಕ್ಕದಲ್ಲಿ ‘ಕ್ವಾ’ ಬಂದು ನಿಂತರೆ ತುಲನೆ, ‘ಥೀ ಸುತ್’ ಬಂದು ನಿಂತರೆ ಪರಮಾವಧಿ. ಆ ‘ರೆವ್’ ಕ್ರಿಯೆಯನ್ನು ಬಣ್ಣಿಸಿದರೆ ಕ್ರಿಯಾವಿಶೇಷಣ, ವಸ್ತುವನ್ನು ಬಣ್ಣಿಸಿದರೆ ಗುಣವಾಚಕ. ರೂಪ ಮಾತ್ರ ಒಂದೇ. ಇನ್ನಷ್ಟು ಒತ್ತು ಬೇಕೆಂದರೆ ಪದವನ್ನೇ ಎರಡು ಸಲ ಹೇಳುವುದುಂಟು. ‘ರೆವ್ ರೆವ್’ ಎಂದರೆ ಥೇಟು ನಮ್ಮ ‘ಬೇಗ ಬೇಗ’. ಬರವಣಿಗೆಯಲ್ಲಿ ಪದವನ್ನು ಎರಡು ಸಲ ಬರೆಯುವ ಶ್ರಮ ತಪ್ಪಿಸಲು ಥಾಯ್ ಲಿಪಿಯಲ್ಲಿ ಒಂದು ಚಿಹ್ನೆಯಿದೆ. ಅದರ ಹೆಸರು ‘ಮಾಯ್ ಯಮೋಕ್’. ಅಲಂಕಾರಶಾಸ್ತ್ರ ಬಲ್ಲವರಿಗೆ ಗುರುತು ಹತ್ತಿರಬೇಕು: ನಮ್ಮ ಯಮಕವೇ ಅಲ್ಲಿ ಯಮೋಕ್ ಆಗಿದೆ.

ಈಗ ‘ಕ್ವಾ’ ಎಂಬ ಪದದ ಜಾತಕವನ್ನು ನೋಡಬೇಕು. ತಾಯ್ ಭಾಷಾಕುಟುಂಬ ದಕ್ಷಿಣ ಚೀನದಿಂದ ಲಾವೋಸ್, ಥಾಯ್ಲೆಂಡ್, ಬರ್ಮಾದ ಶಾನ್ ಪ್ರಾಂತ್ಯಗಳನ್ನು ಹಾದು ನಮ್ಮ ಅಸ್ಸಾಂ, ಅರುಣಾಚಲಗಳವರೆಗೆ ಹರಡಿದೆ. 1228ರಲ್ಲಿ ಪಾಟ್‌ಕಾಯ್ ಬೆಟ್ಟ ದಾಟಿ ಬ್ರಹ್ಮಪುತ್ರೆಯ ಕಣಿವೆಗೆ ಇಳಿದ ಸುಕಾಫಾನ ಅಹೋಮರು ಈ ಕುಟುಂಬದವರೇ. ಇಂದಿಗೂ ಶಾನ್ ಭಾಷೆಯಲ್ಲಿ ‘ಕ್ವಾ’ ಎಂದರೆ ಸರಳವಾಗಿ ‘ಹೋಗು’ ಎಂದರ್ಥ. ಅರುಣಾಚಲದ ಖಾಮ್ತಿ ಭಾಷೆಯಲ್ಲಿ ಅದೇ ಪದ ಸವೆದು ‘ಕಾ’ ಆಗಿ ಅದೇ ಅರ್ಥದಲ್ಲಿ ಉಳಿದಿದೆ. ಅಂದರೆ ಬ್ಯಾಂಕಾಕಿನ ಮಾರುಕಟ್ಟೆಯಲ್ಲಿ ‘ಇದು ಅದಕ್ಕಿಂತ ಅಗ್ಗ’ ಎನ್ನುವಾಗ ಬಳಕೆಯಾಗುವ ಪುಟ್ಟ ಪದ ಮೂಲದಲ್ಲಿ ಒಂದು ಕ್ರಿಯಾಪದ: ಹೋಗು, ಸಾಗು, ದಾಟಿಹೋಗು. ‘ಅವನು ಬೇಗ ಓಡುತ್ತಾನೆ, ನನ್ನನ್ನು ದಾಟುತ್ತಾನೆ’ ಎಂಬ ಎರಡು ಹೆಜ್ಜೆಗಳ ಮಾತು ಕಾಲಕ್ರಮದಲ್ಲಿ ಒಂದಾಗಿ ‘ನನಗಿಂತ ಬೇಗ ಓಡುತ್ತಾನೆ’ ಎಂದಾಯಿತು. ಚೀನದ ಕ್ಯಾಂಟನೀಸ್ ಮಾತುಗಾರರೂ ‘ಎತ್ತರ ದಾಟು’ ಎಂದು ಸೇರಿಸಿಯೇ ‘ಹೆಚ್ಚು ಎತ್ತರ’ ಎನ್ನುತ್ತಾರೆ. ಆ ಭೂಭಾಗದ ಅನೇಕ ಭಾಷೆಗಳ ಜಾಯಮಾನವೇ ಇದು.

ಹಳೆಯ ಥಾಯ್ ಭಾಷೆಯಲ್ಲಿಯೂ ‘ಕ್ವಾ’ ನಡೆದಾಡುವ ಪದವೇ ಆಗಿತ್ತೆಂಬುದಕ್ಕೆ ಸಾಕ್ಷ್ಯ ಕಲ್ಲಿನ ಮೇಲಿದೆ. ಸುಖೋಥಾಯ್‌ನ ದೊರೆ ರಾಮಖಮ್‌ಹೇಂಗನದೆಂದು ಪ್ರಸಿದ್ಧವಾದ, 1292ರದೆಂದು ಸಾಮಾನ್ಯವಾಗಿ ಹೇಳುವ ಶಾಸನವನ್ನು 1833ರಲ್ಲಿ ರಾಜಕುಮಾರ ಮೋಂಗ್‌ಕುಟ್ ಭಿಕ್ಷುವಾಗಿದ್ದಾಗ ಕಂಡುಹಿಡಿದ. ಅದರ ಕಾಲದ ಬಗ್ಗೆ ಕಳೆದ ಶತಮಾನದ ಕೊನೆಯಲ್ಲಿ ವಿದ್ವಾಂಸರ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಆದರೂ ಥಾಯ್ ಭಾಷೆಯ ಚರಿತ್ರೆ ಆರಂಭವಾಗುವುದು ಆ ಕಲ್ಲಿನಿಂದಲೇ. ಅದರಲ್ಲಿ ಉತ್ತರಾಧಿಕಾರದ ಒಂದು ಕಟ್ಟಳೆಯಿದೆ: ಪ್ರಜೆಯಾಗಲಿ ಕುಲೀನನಾಗಲಿ ಸತ್ತರೆ ಅವನ ಮನೆ, ಆನೆ, ಕಣಜ, ತೋಟಗಳೆಲ್ಲ ಮಗನಿಗೆ ಸೇರತಕ್ಕದ್ದು. ಅಲ್ಲಿ ಸಾವನ್ನು ಹೇಳುವ ಪದಗುಚ್ಛದ ಕೊನೆಯಲ್ಲಿ ‘ಕ್ವಾ’ ಬರುತ್ತದೆ, ‘ಹೊರಟುಹೋದ’ ಎಂಬ ಅರ್ಥದಲ್ಲಿ. ‘ಅವರು ಹೋದರು’ ಎಂದು ಸಾವನ್ನು ಸೂಚಿಸುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹಳೆಯ ನಡಿಗೆಯ ಗುರುತುಗಳು ಇಂದಿನ ಥಾಯ್ ಭಾಷೆಯಲ್ಲಿಯೂ ಮಾಸಿಲ್ಲ. ‘ಸಿಪ್’ ಎಂದರೆ ಹತ್ತು. ‘ಸಿಪ್ ಕ್ವಾ’ ಎಂದರೆ ಹತ್ತನ್ನು ದಾಟಿದ್ದು, ಹತ್ತಕ್ಕೆ ಮಿಕ್ಕಿದ್ದು. ‘ಕ್ವಾ ಚ’ ಎಂದು ವಾಕ್ಯವನ್ನು ಆರಂಭಿಸಿದರೆ ‘ಅಷ್ಟಾಗುವ ಹೊತ್ತಿಗೆ’ ಎಂದು ಕಾಲ ಕಳೆಯುವ ಸೂಚನೆ. ‘ದೀ’ ಎಂದರೆ ಒಳ್ಳೆಯದು. ‘ಪಾಯ್ ದೀ ಕ್ವಾ’ ಎಂದರೆ ಅಕ್ಷರಶಃ ‘ಹೋಗುವುದು ಹೆಚ್ಚು ಒಳ್ಳೆಯದು’. ಯಾವುದಕ್ಕಿಂತ ಎಂದು ಹೇಳುವುದಿಲ್ಲ. ಹರಟೆಯ ನಡುವೆ ಎದ್ದು ನಿಂತು ‘ಇನ್ನು ಹೊರಡೋಣ’ ಎನ್ನುವ ಮಾತು ಅದು. ‘ಥೀ ಸುತ್’ ಎಂಬುದರಲ್ಲಿ ‘ಥೀ’ ಎಂದರೆ ಜಾಗ, ‘ಸುತ್’ ಎಂದರೆ ತುದಿ, ಮುಕ್ತಾಯ. ಹಾದಿ ಮುಗಿಯುವ ಸ್ಥಳವೇ ಪರಮಾವಧಿ. ಅದರ ಹಿಂದೆ ‘ಒಳಗೆ’ ಎಂಬರ್ಥದ ‘ನಾಯ್’ ಸೇರಿಸಿ ‘ನಾಯ್ ಥೀ ಸುತ್’ ಎಂದರೆ ‘ಕೊನೆಗೂ’ ಎಂದಾಗುತ್ತದೆ.

ಇದು ಬೀದಿಯ, ಹೊಲದ, ಮನೆಯ ಭಾಷೆ. ಅರಮನೆಯಲ್ಲಿ ಮತ್ತೊಂದು ಬಗೆಯ ಹಿರಿಮೆ ಬೇಕಾಯಿತು. ‘ಕ್ವಾ’ ಎನ್ನಬೇಕಾದರೆ ದಾಟಿಸಿಕೊಂಡ ಇನ್ನೊಬ್ಬ ಇದ್ದೇ ಇರಬೇಕು. ದೊರೆಯನ್ನು ಹಾಗೆ ಯಾರೊಂದಿಗೆ ಹೋಲಿಸುವುದು? ಖ್ಮೇರ್ ಸಾಮ್ರಾಜ್ಯದ ಆಸ್ಥಾನ ಸಂಪ್ರದಾಯದಿಂದಲೂ ಬೌದ್ಧರ ಪಾಳಿಯಿಂದಲೂ ಸಂಸ್ಕೃತ ಮೂಲದ ಪದಗಳು ಬಂದು ಆ ಸ್ಥಾನವನ್ನು ತುಂಬಿದವು. ಸಂಸ್ಕೃತದಲ್ಲಿ ಈ ವ್ಯವಹಾರವೆಲ್ಲ ಪ್ರತ್ಯಯಗಳ ಮೂಲಕ ನಡೆಯುತ್ತದೆ. ಇಬ್ಬರಲ್ಲಿ ಒಬ್ಬನನ್ನು ಹೆಚ್ಚೆನ್ನಲು ‘ತರ’ ಮತ್ತು ‘ಈಯಸ್’, ಹಲವರಲ್ಲಿ ಒಬ್ಬನನ್ನು ಹೆಚ್ಚೆನ್ನಲು ‘ತಮ’ ಮತ್ತು ‘ಇಷ್ಠ’ ಎಂದು ಪಾಣಿನಿ ವಿಧಿಸಿದ್ದಾನೆ. ಥಾಯ್ ಭಾಷೆ ಪ್ರತ್ಯಯಗಳನ್ನು ತೆಗೆದುಕೊಳ್ಳಲಿಲ್ಲ. ಪ್ರತ್ಯಯ ಹತ್ತಿದ ಪದಗಳನ್ನು ಇಡಿಯಾಗಿ ತೆಗೆದುಕೊಂಡಿತು. ಉತ್ತಮ ‘ಉದೋಮ್’ ಆಯಿತು, ಜ್ಯೇಷ್ಠ ‘ಚೇಟ್ಠಾ’ ಆಯಿತು, ಕನಿಷ್ಠ ‘ಕನಿಟ್ಠಾ’ ಆಯಿತು, ಪರಮ ‘ಬೊರೊಮ್’ ಆಯಿತು. ಜ್ಯೇಷ್ಠ, ಕನಿಷ್ಠಗಳು ಅಲ್ಲಿ ಅಣ್ಣ, ತಮ್ಮ ಅಥವಾ ತಂಗಿ ಎಂಬುದಕ್ಕೆ ಗೌರವದ ನುಡಿಗಳು.

1782ರಲ್ಲಿ ಚಕ್ರಿ ವಂಶದ ಮೊದಲ ದೊರೆ ಚಾವ್‌ಫ್ರಾಯಾ ನದಿಯ ಪೂರ್ವದಂಡೆಯಲ್ಲಿ ರಾಜಧಾನಿಯನ್ನು ನೆಲೆಗೊಳಿಸಿದ. ಆ ನಗರದ ವಿಧ್ಯುಕ್ತ ನಾಮಧೇಯ ಪ್ರಪಂಚದ ಅತಿ ಉದ್ದದ ಸ್ಥಳನಾಮವೆಂದು ಖ್ಯಾತವಾಗಿದೆ. ಆ ಹೆಸರಿನ ನಡುವೆ ‘ಉದೋಮ್‌ರಾಚನಿವೇತ್’ ಎಂಬ ಒಂದು ಗಂಟಿದೆ. ಬಿಚ್ಚಿದರೆ ಉತ್ತಮ ರಾಜನಿವೇಶ. ಅರಮನೆಯ ಹೆಸರು ‘ಫ್ರ ಬೊರೊಮ್ ಮಹಾ ರಾಚವಂಗ್’. ‘ವರ’ದಿಂದ ಬಂದದ್ದೆನ್ನಲಾಗುವ ‘ಫ್ರ’, ಪರಮ, ಮಹಾ ಎಂದು ಮೂರು ಹಿರಿಮೆಗಳು ಒಂದರ ಮೇಲೊಂದು ಕುಳಿತಿವೆ. ಹೋಲಿಕೆಯೇ ಇಲ್ಲದ ಹಿರಿಮೆಯಿದು. ಉತ್ತಮ ಎಂದ ಮೇಲೆ ಯಾರಿಗಿಂತ ಎಂದು ಯಾರೂ ಕೇಳುವಂತಿಲ್ಲ.

ಬೇರೆ ಭಾಷೆಗೆ ವಲಸೆ ಹೋದ ಪದಗಳು ಕಾಲಾಂತರದಲ್ಲಿ ಹುಟ್ಟಿದೂರನ್ನು ಮರೆಯುವುದೂ ಉಂಟು. ‘ಮೇಲೆ’ ಎಂಬರ್ಥದ ‘ಉದ್’ಗೆ ‘ತರ’ ಸೇರಿ ಉತ್ತರ, ‘ತಮ’ ಸೇರಿ ಉತ್ತಮ. ಥಾಯ್ಲೆಂಡಿನ ಈಶಾನ್ಯದ ಉದೋನ್ ಥಾನೀ ಎಂಬ ಊರಿನ ‘ಉದೋನ್’ ನಮ್ಮ ಉತ್ತರವೇ. ದಿಕ್ಕಿನ ಹೆಸರಿನೊಳಗೆ ತುಲನೆಯ ಪ್ರತ್ಯಯ ಅಡಗಿದೆಯೆಂಬುದು ಆ ಊರಿನವರಿಗೂ ನೆನಪಿಲ್ಲ, ಉತ್ತರ ಕನ್ನಡ ಜಿಲ್ಲೆಯ ನಮ್ಮ ನೆಂಟರಿಗೂ ನೆನಪಿಲ್ಲ. ಶ್ರೇಷ್ಠದಿಂದ ಬಂದ ಶ್ರೇಷ್ಠಿ ಕನ್ನಡದಲ್ಲಿ ಸೆಟ್ಟಿಯಾಗಿ ವ್ಯಾಪಾರಿಯ ಹೆಸರಾಯಿತು. ಥಾಯ್ ಭಾಷೆಯಲ್ಲಿ ‘ಸೇಟ್ಠೀ’ ಎಂದರೆ ಸಿರಿವಂತ, ‘ಸೇಟ್ಠಸಾತ್’ ಎಂದರೆ ಅರ್ಥಶಾಸ್ತ್ರ. ಎರಡು ದೇಶಗಳಲ್ಲಿಯೂ ಶ್ರೇಷ್ಠತೆ ಹಣದ ಪೆಟ್ಟಿಗೆಯ ಬಳಿಯೇ ಹೋಗಿ ಕುಳಿತದ್ದು ವ್ಯಾಕರಣದ ತಪ್ಪಲ್ಲ.

ಹೀಗೆ ಥಾಯ್ ಭಾಷೆಯಲ್ಲಿ ಎರಡು ಏಣಿಗಳು ಅಕ್ಕಪಕ್ಕದಲ್ಲಿ ನಿಂತಿದ್ದಾಗ ಯುರೋಪಿನವರು ಮೂರನೆಯದೊಂದನ್ನು ತಂದರು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ರಾಯಭಾರಿಯಾಗಿ 1687ರಲ್ಲಿ ಸಯಾಮಿಗೆ ಬಂದ ಸಿಮೋನ್ ದ ಲಾ ಲೂಬೇರ್, 1691ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಭಾಷೆಗೆ ವಿಭಕ್ತಿಯೂ ಇಲ್ಲ, ಕ್ರಿಯಾರೂಪಗಳೂ ಇಲ್ಲ ಎಂದು ಗುರುತಿಸಿದ. ಅವನು ಬಂದಾಗ ಆಳುತ್ತಿದ್ದ ನಾರಾಯ್ ದೊರೆಯ ಆಸ್ಥಾನದಲ್ಲೇ ಫ್ರ ಹೋರಾಥಿಬೊದಿ ಎಂಬ ಪಂಡಿತ ‘ಚಿಂದಾಮಣಿ’ ಎಂಬ ಪಠ್ಯವನ್ನು ರಚಿಸಿದ್ದನೆಂದು ಸಂಪ್ರದಾಯ ಹೇಳುತ್ತದೆ. ನಮ್ಮ ಚಿಂತಾಮಣಿಯೇ ಅದು. ಅದರ ಚಿಂತೆ ಅಕ್ಷರ, ಕಾಗುಣಿತ, ಛಂದಸ್ಸುಗಳದು. ‘ಬೇಗ’ ಎಂಬುದಕ್ಕೆ ಎಷ್ಟು ರೂಪಗಳು ಎಂಬ ಪ್ರಶ್ನೆ ಥಾಯ್ ಪಂಡಿತರಿಗೆ ಪ್ರಶ್ನೆಯಾಗಿಯೇ ಕಂಡಿರಲಿಲ್ಲ. ‘ಇಲ್ಲ’ಗಳ ಪಟ್ಟಿ ಆರಂಭವಾದದ್ದು ಹೊರಗಿನವನ ಕಣ್ಣಿನಿಂದ.

ಇಲ್ಲಿ ನಮ್ಮ ಕನ್ನಡದ ಕಥೆ ಥಾಯ್ ಕಥೆಯ ಹತ್ತಿರಕ್ಕೆ ಬರುತ್ತದೆ. ಬಂಗಾಳದ ಸೆರಾಂಪುರದ ಮಿಷನ್ ಮುದ್ರಣಾಲಯದಿಂದ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಹೊರಬಂತು. ಅದೇ ಸೆರಾಂಪುರದಲ್ಲಿ ಎರಡು ವರ್ಷಗಳ ಬಳಿಕ, 1819ರಲ್ಲಿ, ಆನ್ ಜಡ್ಸನ್ ಥಾಯ್ ಭಾಷೆಗೆ ತಂದ ಒಂದು ಕ್ರೈಸ್ತ ಪ್ರಶ್ನೋತ್ತರ ಪುಸ್ತಿಕೆ ಅಚ್ಚಾಯಿತು. 1828ರಲ್ಲಿ ಕಲ್ಕತ್ತೆಯ ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯದಲ್ಲಿ ಥಾಯ್ ಭಾಷೆಯ ಮೊದಲ ಅಚ್ಚಾದ ಇಂಗ್ಲಿಷ್ ವ್ಯಾಕರಣ ಪ್ರಕಟವಾಯಿತು. ಅದನ್ನು ಬರೆದವನು ಜೇಮ್ಸ್ ಲೋ, ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯಿಂದ ಪಿನಾಂಗಿಗೆ ಹೋಗಿದ್ದ ಅಧಿಕಾರಿ. ಕನ್ನಡವೂ ಥಾಯ್ ಭಾಷೆಯೂ ಆಧುನಿಕ ವ್ಯಾಕರಣದ ಅಚ್ಚುಮೊಳೆಯನ್ನು ಒಂದೇ ಸೀಮೆಯಲ್ಲಿ, ಒಂದೇ ಕಾಲುಶತಮಾನದಲ್ಲಿ ಕಂಡವು. ಈ ವ್ಯಾಕರಣಗಳನ್ನು ಬರೆದವರ ತಲೆಯಲ್ಲಿದ್ದ ಚೌಕಟ್ಟು ಯುರೋಪಿನ ಶಾಲೆಗಳದು. ಆ ಶಾಲೆಗಳಲ್ಲಿ ಗುಣವಾಚಕ ಮತ್ತು ಕ್ರಿಯಾವಿಶೇಷಣಗಳಿಗೆ ಮೂರು ಮೆಟ್ಟಿಲುಗಳಿದ್ದವು, ಮೂಲದಲ್ಲಿ ಅವು ಲ್ಯಾಟಿನ್ನಿನ ಮೆಟ್ಟಿಲುಗಳು. ಭಾಷೆ ಯಾವುದಾದರೇನು, ಮೂರು ಅಂಕಣಗಳನ್ನು ತುಂಬಲೇಬೇಕು.

1850ರಲ್ಲಿ ಬ್ಯಾಂಕಾಕಿನ ಕ್ಯಾಥೊಲಿಕ್ ಧರ್ಮಾಧಿಕಾರಿ ಜಾನ್ ಬಾಪ್ತೀಸ್ತ್ ಪಾಲೆಗ್ವಾ ಥಾಯ್ ಭಾಷೆಯ ವ್ಯಾಕರಣವನ್ನು ಲ್ಯಾಟಿನ್ನಿನಲ್ಲಿಯೇ ಬರೆದು ಪ್ರಕಟಿಸಿದ. 1854ರಲ್ಲಿ ಪ್ಯಾರಿಸ್ಸಿನಿಂದ ಅವನ ಥಾಯ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ನಿಘಂಟು ಬಂತು. ಸುಖೋಥಾಯ್ ಶಾಸನವನ್ನು ಕಂಡುಹಿಡಿದ ಮೋಂಗ್‌ಕುಟ್‌ನಿಗೆ ಲ್ಯಾಟಿನ್ ಕಲಿಸಿದವನು ಇವನೇ. ಆತನಿಂದ ಪಾಳಿಯನ್ನು ಕಲಿತವನೂ ಇವನೇ. ಇಬ್ಬರು ದೊಡ್ಡ ವಿದ್ವಾಂಸರ ಸ್ನೇಹವದು. ಆದರೆ ಒಂದು ಸೋಜಿಗವನ್ನು ಗಮನಿಸದೆ ಇರಲಾಗದು. ಪಾಲೆಗ್ವಾನ ತಾಯ್ನುಡಿ ಫ್ರೆಂಚ್. ಫ್ರೆಂಚಿನಲ್ಲಿ ‘ವೀತ್’ ಎಂದರೆ ಬೇಗ. ‘ಹೆಚ್ಚು ಬೇಗ’ ಎನ್ನಲು ಅವರು ‘ಪ್ಲ್ಯು’ ಎಂಬ ಬೇರೆಯೇ ಪದವನ್ನು ಮುಂದೆ ಇಟ್ಟು ‘ಪ್ಲ್ಯು ವೀತ್’ ಎನ್ನುತ್ತಾರೆ. ಲ್ಯಾಟಿನ್ನಿನ ಮಗಳೇ ತಾಯಿಯ ತುಲನಾ ಪ್ರತ್ಯಯಗಳನ್ನು ಬಹುಮಟ್ಟಿಗೆ ಕೈಬಿಟ್ಟು ಬೇರೆ ಪದದ ಆಸರೆ ಹಿಡಿದು ಶತಮಾನಗಳೇ ಕಳೆದಿದ್ದವು. ಫ್ರೆಂಚರು ತಮ್ಮ ಭಾಷೆಯಲ್ಲಿ ‘ಅದು ಇಲ್ಲ’ ಎಂದು ಎಂದೂ ಅಳಲಿಲ್ಲ.

ಥಾಯ್ ಜನ ತಮ್ಮ ವ್ಯಾಕರಣವನ್ನು ತಾವೇ ಹೊಸ ಬಗೆಯಲ್ಲಿ ಬರೆಯಹೊರಟದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಆಧುನಿಕ ಶಾಲೆಗಳು ಬಂದ ಮೇಲೆ. ಅದಕ್ಕೆ ಬಹುಕಾಲ ನಿಂತ ರೂಪವನ್ನು ಕೊಟ್ಟವರು ಫ್ರಯಾ ಉಪಕಿತ್ ಸಿಲ್ಪಸಾನ್. 1879ರಲ್ಲಿ ಹುಟ್ಟಿ 1941ರಲ್ಲಿ ತೀರಿಕೊಂಡ ಈ ವಿದ್ವಾಂಸರು ಪಾಳಿ ಬಲ್ಲವರು, ಶಿಕ್ಷಣ ಇಲಾಖೆಯ ಅಧಿಕಾರಿ, ಕವಿ. ಇಂದು ಥಾಯ್ಲೆಂಡಿನ ಗುರುತೇ ಆಗಿರುವ ‘ಸವಾತ್‌ದೀ’ ಎಂಬ ವಂದನೆಯ ನುಡಿಯನ್ನು ‘ಸ್ವಸ್ತಿ’ಯಿಂದ ರೂಪಿಸಿ ಬಳಕೆಗೆ ತಂದವರೂ ಅವರೇ. ಅವರ ‘ಲಕ್ ಫಾಸಾ ಥಾಯ್’ 1918ರಿಂದ ಭಾಗಭಾಗವಾಗಿ ಬಂದು ತಲೆಮಾರುಗಳ ಕಾಲ ಶಾಲೆಗಳಲ್ಲಿ ಓದಿಸಲ್ಪಟ್ಟಿತು. ‘ಫಾಸಾ’ ನಮ್ಮ ‘ಭಾಷಾ’. ಆ ಗ್ರಂಥದ ನಾಲ್ಕು ಭಾಗಗಳ ಹೆಸರು ಕೇಳಿದರೆ ಕನ್ನಡಿಗರಿಗೆ ಪರಕೀಯತೆ ಅನ್ನಿಸುವುದಿಲ್ಲ: ಅಕ್ಷರವಿಧಿ, ವಚೀವಿಭಾಗ, ವಾಕ್ಯಸಂಬಂಧ, ಛಂದೋಲಕ್ಷಣ. ಪದಗಳನ್ನು ಏಳು ವರ್ಗಗಳಾಗಿ ವಿಂಗಡಿಸುವ ಅವರ ಕ್ರಮಕ್ಕೆ ಇಂಗ್ಲಿಷ್ ವ್ಯಾಕರಣದ ಪ್ರಭಾವವಿತ್ತು. ಆದರೆ ಒಂದು ಕಡೆ ಅವರು ಇಂಗ್ಲಿಷಿನ ದಾರಿಯನ್ನು ಬಿಟ್ಟರು. ಗುಣವಾಚಕಕ್ಕೆ ಒಂದು ಪೆಟ್ಟಿಗೆ, ಕ್ರಿಯಾವಿಶೇಷಣಕ್ಕೆ ಇನ್ನೊಂದು ಪೆಟ್ಟಿಗೆ ಮಾಡದೆ ಎರಡನ್ನೂ ‘ವಿಸೇತ್’ ಎಂಬ ಒಂದೇ ವರ್ಗದಲ್ಲಿ ಇಟ್ಟರು. ವಿಸೇತ್ ಎಂದರೆ ನಮ್ಮ ವಿಶೇಷಣ. ಅದರ ಒಳಗಿನ ಬಗೆಗಳು ಹತ್ತು: ಲಕ್ಷಣ, ಕಾಲ, ಸ್ಥಾನ, ಪ್ರಮಾಣ, ನಿಯಮ, ಅನಿಯಮ, ಪೃಚ್ಛಾ, ಪ್ರತಿಜ್ಞಾ, ಪ್ರತಿಷೇಧ, ಪ್ರಬಂಧ.

ಇದು ಸಣ್ಣ ನಿರ್ಧಾರವೆಂದು ಕಾಣಬಹುದು. ನಮ್ಮ ದೃಷ್ಟಿಯಲ್ಲಿ ಅದೊಂದು ದಿಟ್ಟ ನಿಲುವು. ‘ರೆವ್’ ಎಂಬುದು ಕುದುರೆಯನ್ನು ಬಣ್ಣಿಸಲಿ, ಓಟವನ್ನು ಬಣ್ಣಿಸಲಿ, ಥಾಯ್ ಕಿವಿಗೆ ಅದು ಒಂದೇ. ಕಿವಿಗೆ ಒಂದಾಗಿರುವುದನ್ನು ಪುಸ್ತಕದಲ್ಲಿ ಎರಡು ಮಾಡುವ ಅಗತ್ಯ ಅವರಿಗೆ ಕಾಣಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿ ಇಂದಿನ ಥಾಯ್ ಶಾಲೆಗಳಲ್ಲಿದೆ. ಅಲ್ಲಿ ಇಂಗ್ಲಿಷ್ ಕಲಿಸುವಾಗ ‘ಫಾಸ್ಟರ್’ ಎಂಬ ರೂಪವನ್ನು ‘ಖನ್ ಕ್ವಾ’ ಎನ್ನುತ್ತಾರೆ, ಅಂದರೆ ‘ಕ್ವಾ ಮೆಟ್ಟಿಲು’. ‘ಫಾಸ್ಟೆಸ್ಟ್’ ಎಂಬುದು ‘ಖನ್ ಸೂಂಗ್ ಸುತ್’, ತುತ್ತತುದಿಯ ಮೆಟ್ಟಿಲು. ತಮ್ಮಲ್ಲಿ ಇಂಗ್ಲಿಷಿನದು ಇದೆಯೇ ಎಂದು ಕೇಳದೆ, ನಮ್ಮ ‘ಕ್ವಾ’ ಇಂಗ್ಲಿಷಿನಲ್ಲಿ ಯಾವ ರೂಪದಲ್ಲಿದೆ ಎಂದು ಆ ಮಕ್ಕಳು ನೋಡುತ್ತಾರೆ.

ಆದರೆ ವ್ಯಾಕರಣದ ಚರಿತ್ರೆ ಸದಾ ಪಂಡಿತರ ಕೈಯಲ್ಲಿಯೇ ಇರುವುದಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಪ್ರಧಾನಿ ಫೀಬೂನ್ ಸೊಂಗ್‌ಖ್ರಾಮ್‌ನ ಸರ್ಕಾರ ಲಿಪಿಯನ್ನು ಸರಳಗೊಳಿಸುವ ಆಜ್ಞೆ ಹೊರಡಿಸಿತು. ನಲವತ್ತನಾಲ್ಕು ವ್ಯಂಜನಗಳಲ್ಲಿ 13ನ್ನು ತೆಗೆದುಹಾಕಿ 31ನ್ನು ಉಳಿಸಿಕೊಳ್ಳಲಾಯಿತು. ಒಂದೇ ಉಚ್ಚಾರಣೆಗೆ ಹಲವು ಅಕ್ಷರಗಳೇಕೆ ಎಂಬುದು ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಥಾಯ್ ನಾಲಗೆಗೆ ಶ, ಷ, ಸ ಮೂರೂ ಒಂದೇ. ತೆಗೆದುಹಾಕಿದ ಹದಿಮೂರರಲ್ಲಿ ಶಕಾರವೂ ಷಕಾರವೂ ಠಕಾರವೂ ಇದ್ದವು. ಜ್ಯೇಷ್ಠ, ಕನಿಷ್ಠ, ಶ್ರೇಷ್ಠಗಳ ಬಾಲದಲ್ಲಿರುವ ಆ ‘ಷ್ಠ’ವನ್ನು ನೆನೆದುಕೊಳ್ಳಿ. ಪಾಣಿನಿಯ ‘ಇಷ್ಠ’ ಪ್ರತ್ಯಯ ಸಯಾಮಿನ ಲಿಪಿಯಲ್ಲಿ ಶತಮಾನಗಳ ಕಾಲ ಉಳಿಸಿಕೊಂಡಿದ್ದ ಮುಖಚರ್ಯೆಯನ್ನು ಒಂದು ಸರ್ಕಾರಿ ಆದೇಶ ಅಳಿಸಿಹಾಕಿತು. ಆದೇಶಗಳನ್ನು ಟಿಪ್ಪಣಿಯಿಂದ ಟಿಪ್ಪಣಿಗೆ ಸಾಗಿಸುವುದೇ ವೃತ್ತಿಯಾಗಿರುವ ನಮಗೆ ಆ ದಿನಗಳ ಬ್ಯಾಂಕಾಕಿನ ಗುಮಾಸ್ತರು ಕಣ್ಣಮುಂದೆ ಬರುತ್ತಾರೆ. ನಿನ್ನೆಯವರೆಗೆ ಸರಿಯಾಗಿದ್ದ ಕಾಗುಣಿತ ಇಂದು ತಪ್ಪು. ಫೀಬೂನ್ ಅಧಿಕಾರದಿಂದ ಇಳಿದ ಮೇಲೆ, 1944ರಲ್ಲಿ, ಆಜ್ಞೆ ರದ್ದಾಗಿ ಹಳೆಯ ಅಕ್ಷರಗಳೆಲ್ಲ ಹಿಂತಿರುಗಿದವು. ಈ ಏರಿಳಿತಗಳಲ್ಲಿ ಅರಮನೆಯ ಏಣಿ ಅಲುಗಾಡಿತು, ಶಾಲೆಯ ಏಣಿಗಳು ಬಂದು ಹೋದವು. ‘ಕ್ವಾ’ ಮಾತ್ರ ತನ್ನ ಪಾಡ್ಗೆ ನಡೆಯುತ್ತಲೇ ಇತ್ತು. ಅದರ ಕಾಗುಣಿತದಲ್ಲಿ ತೆಗೆದುಹಾಕಬೇಕಾದದ್ದು ಏನೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾಷಾವಿಜ್ಞಾನ ಈ ಪ್ರಶ್ನೆಯನ್ನು ಹೊಸದಾಗಿ ನೋಡಿತು. ಲೆಯೋನ್ ಸ್ಟಾಸೆನ್ ಎಂಬ ವಿದ್ವಾಂಸರು 1985ರ ತಮ್ಮ ಗ್ರಂಥದಲ್ಲಿ ಪ್ರಪಂಚದ ಅನೇಕ ಭಾಷೆಗಳಲ್ಲಿ ತುಲನೆ ನಡೆಯುವ ಬಗೆಗಳನ್ನು ವರ್ಗೀಕರಿಸಿದರು. ಕೆಲವು ಭಾಷೆಗಳು ‘ಮೀರು, ದಾಟು’ ಎಂಬ ಕ್ರಿಯೆಯಿಂದ ತುಲನೆಯನ್ನು ಕಟ್ಟುತ್ತವೆ. ಥಾಯ್ ಆ ಗುಂಪಿನದು. ಕೆಲವು ಭಾಷೆಗಳು ಯಾವುದರೊಂದಿಗೆ ಹೋಲಿಸುತ್ತೇವೋ ಅದಕ್ಕೆ ‘ಇಂದ’, ‘ಗೆ’, ‘ಅಲ್ಲಿ’ ಎಂಬಂಥ ವಿಭಕ್ತಿಯನ್ನು ಹಚ್ಚುತ್ತವೆ. ನಮ್ಮ ‘ನನಗಿಂತ’ ಎಂಬುದರೊಳಗೆ ‘ನನಗೆ’ ಇರುವುದನ್ನು ನೋಡಿದರೆ ಕನ್ನಡ ಎತ್ತ ನಿಲ್ಲುತ್ತದೆಂಬುದು ತಿಳಿಯುತ್ತದೆ. ಗುಣವಾಚಕದ ಮೈಮೇಲೆಯೇ ಪ್ರತ್ಯಯವನ್ನು ಹೊರಿಸುವ ಇಂಗ್ಲಿಷಿನಂಥ ರೀತಿ ಹಲವು ರೀತಿಗಳಲ್ಲಿ ಒಂದು, ಅಷ್ಟೇ. ಅದೂ ಇಂಗ್ಲಿಷಿನಲ್ಲಿಯೇ ಪೂರ್ತಿಯಾಗಿಲ್ಲ. ‘ಫಾಸ್ಟ್’ ಎಂಬುದಕ್ಕೆ ‘ಫಾಸ್ಟರ್’ ಸರಿ. ‘ಬ್ಯೂಟಿಫುಲಿ’ ಎಂಬುದಕ್ಕೆ ‘ಮೋರ್ ಬ್ಯೂಟಿಫುಲಿ’ ಎಂದು ಎರಡು ಪದಗಳನ್ನೇ ಹೇಳಬೇಕು. ನಮ್ಮ ಹುಡುಗಿಯ ಬೆರಳೆಣಿಕೆಯಲ್ಲಿ ಇಂಗ್ಲಿಷೂ ಅರ್ಧ ಅಂಕ ಕಳೆದುಕೊಳ್ಳುತ್ತದೆ.

ಕನ್ನಡದಲ್ಲಿ ಈ ಮಾತನ್ನು ಹಟ ಹಿಡಿದು ಹೇಳಿದವರು ಡಿ.ಎನ್. ಶಂಕರ ಭಟ್ಟರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬುದು ಅವರ ಪುಸ್ತಕವೊಂದರ ಹೆಸರು, ಅವರ ಜೀವಮಾನದ ವಾದವೂ ಹೌದು. ಕನ್ನಡದ ಬರಹದಲ್ಲಿ ಮಹಾಪ್ರಾಣಗಳನ್ನು ಕೈಬಿಡಬೇಕೆಂಬ ಅವರ ಸಲಹೆಯನ್ನು ನಾವು ಒಪ್ಪಲಾರೆವು. ಆದೇಶದಿಂದ ಅಕ್ಷರ ಅಳಿಸಿದ 1942ರ ಪ್ರಸಂಗಕ್ಕೂ ವಿದ್ವಾಂಸರೊಬ್ಬರ ಸಲಹೆಗೂ ಅಂತರವಿದೆ ಎಂಬುದನ್ನು ಒಪ್ಪುತ್ತೇವೆ. ಆದರೆ ಒಂದು ಭಾಷೆಯನ್ನು ಇನ್ನೊಂದರ ಅಂಕಣಗಳಲ್ಲಿ ತುಂಬಿಸಲು ಹೋದರೆ ಇರುವುದು ಕಾಣದೆ ಇಲ್ಲದ್ದು ಮಾತ್ರ ಕಾಣುತ್ತದೆ ಎಂಬ ಅವರ ಮೂಲಮಾತನ್ನು ಥಾಯ್ ಭಾಷೆಯ ಚರಿತ್ರೆ ಸಮರ್ಥಿಸುತ್ತದೆ.

ಕನ್ನಡದಲ್ಲಿ ಇರುವುದೇನು? ‘ಮೀರಿಸು’ ಎಂಬ ಕ್ರಿಯಾಪದವಿದೆ. ‘ಅಕ್ಕನನ್ನು ಮೀರಿಸಿ ಹಾಡಿದಳು’ ಎಂದಾಗ ನಾವು ಥಾಯ್ ಜನರ ಹಾದಿಯಲ್ಲೇ ನಡೆಯುತ್ತಿರುತ್ತೇವೆ. ‘ಗಿಂತ’ವಿದೆ. ಅದಕ್ಕೆ ‘ಇಲ್ಲ’ವನ್ನು ಜೋಡಿಸಿದರೆ ಪರಮಾವಧಿಯೂ ಸಿದ್ಧವಾಗುತ್ತದೆ: ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಯಾವ ಪ್ರತ್ಯಯವೂ ಇಲ್ಲದೆ ನಮ್ಮ ಹಿರಿಯರು ಅತಿಶಯವನ್ನು ಹೇಳಿದ ಬಗೆಯಿದು. ಥಾಯ್ ಜನರೂ ‘ಇದಕ್ಕಿಂತ ಒಳ್ಳೆಯದು ಏನೂ ಇಲ್ಲ’ ಎಂದು ‘ಕ್ವಾ’ವನ್ನು ಹೀಗೆಯೇ ಬಳಸುತ್ತಾರೆ. ಇನ್ನು ಸಂಸ್ಕೃತದ ‘ತರ’, ‘ತಮ’ ಪ್ರತ್ಯಯಗಳನ್ನು ನಾವು ತೆಗೆದುಕೊಂಡು ಏನು ಮಾಡಿದೆವು? ಎರಡನ್ನೂ ಕೂಡಿಸಿದ ‘ತಾರತಮ್ಯ’ವನ್ನು ಪಕ್ಷಪಾತಕ್ಕೆ ಹೆಸರಾಗಿಸಿದೆವು. ವ್ಯಾಕರಣದ ಎರಡು ಪ್ರತ್ಯಯಗಳನ್ನು ಜೋಡಿಸಿ ಅನ್ಯಾಯಕ್ಕೆ ಹೆಸರು ಕೊಟ್ಟ ಭಾಷೆ ನಮ್ಮದು. ಹೊರನಾಡಿನಲ್ಲಿ ಇರುವ ನಮಗೆ ಆ ಪದದ ಅನುಭವ ಕಡಿಮೆಯೇನಲ್ಲ. ‘ನಿಮ್ಮ ಭಾಷೆ ತಮಿಳಿನ ಹಾಗೆಯೇ ತಾನೇ?’ ಎಂಬ ಪ್ರಶ್ನೆ ಕಚೇರಿಯ ಊಟದ ಹೊತ್ತಿನಲ್ಲಿ ಬಂದಾಗ ನಾವೂ ಬಿಸಿಯಾಗಿ, ನಮ್ಮದು ಹಳೆಯದು, ನಮ್ಮದು ಹಿರಿದು, ನಮ್ಮದೇ ಶ್ರೇಷ್ಠ ಎಂದು ಅರಮನೆಯ ಏಣಿಯನ್ನು ಹತ್ತಿ ಕುಳಿತದ್ದುಂಟು.

ಥಾಯ್ ಭಾಷೆಯಲ್ಲಿ ಇನ್ನೊಂದು ಬಗೆಯ ತುಲನೆಯಿದೆ. ಮತ್ತೊಬ್ಬರೊಂದಿಗೆ ಹೋಲಿಸದೆ, ಒಂದು ವಸ್ತುವನ್ನು ಅದರ ನಿನ್ನೆಯ ಸ್ಥಿತಿಯೊಂದಿಗೆ ಹೋಲಿಸುವಾಗ ಸಾಮಾನ್ಯವಾಗಿ ‘ಖಿನ್’ ಅಥವಾ ‘ಲೋಂಗ್’ ಎಂಬ ಪದ ಬರುತ್ತದೆ. ಖಿನ್ ಎಂದರೆ ಏರು, ಲೋಂಗ್ ಎಂದರೆ ಇಳಿ. ರೋಗಿ ಚೇತರಿಸಿಕೊಂಡರೆ ‘ದೀ ಖಿನ್’, ಒಳಿತಿನತ್ತ ಏರಿದ. ಓಟದ ವೇಗ ಹೆಚ್ಚಿದರೆ ‘ರೆವ್ ಖಿನ್’, ತಗ್ಗಿದರೆ ನಿಧಾನ ಎಂಬರ್ಥದ ಪದಕ್ಕೆ ‘ಲೋಂಗ್’ ಸೇರಿಸಿ ‘ಛಾ ಲೋಂಗ್’. ಇಲ್ಲಿ ದಾಟಬೇಕಾದ ಇನ್ನೊಬ್ಬನೇ ಇಲ್ಲ.

ಕಳೆದ ಭಾನುವಾರ ಇದನ್ನೆಲ್ಲ ಹುಡುಗಿಯ ಮುಂದೆ ಹೇಳಿದೆವು. ಅವಳು ಚರಿತ್ರೆಯನ್ನು ಅಷ್ಟೇನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ‘ಕ್ವಾ’ ಎಂದರೆ ದಾಟಿಹೋಗು ಎಂಬುದು ಅವಳಿಗೆ ಹಿಡಿಸಿತು. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಕನ್ನಡದಲ್ಲಿ ಇದೆ, ಆದರೆ ಬೇರೆ ಥರ ಇದೆ” ಎಂದಳು. ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ, ಸ್ವಲ್ಪ ಸೊಟ್ಟಗಿನ ಕನ್ನಡ ಅಕ್ಷರಗಳಲ್ಲಿ, ‘ಬೇಗ, ಇನ್ನೂ ಬೇಗ, ಎಲ್ಲರಿಗಿಂತ ಬೇಗ’ ಎಂದು ಬರೆದುಕೊಂಡಳು. ‘ಗಿಂತ’ದ ಅನುಸ್ವಾರವನ್ನು ಮರೆತಿದ್ದಳು. ಕಳೆದ ವರ್ಷ ಅವಳಿಗೆ ‘ಗಿ’ ಬರೆಯಲೂ ಬರುತ್ತಿರಲಿಲ್ಲ ಎಂಬುದು ನೆನಪಾಗಿ, ಸೊನ್ನೆಯನ್ನು ಎಲ್ಲಿಡಬೇಕೆಂದು ತೋರಿಸಿಕೊಟ್ಟೆವು.